ಚೆರ್ರಿ ಏಮ್ಸ್ ಓದಿ ನರ್ಸ್ ಆಗಬೇಕು ಅನ್ನಿಸಿದವರು ಇಲ್ಲಿ ಯಾರಾದರೂ ಇದ್ದೀರಾ?

ಟ್ರಂಕಿನ_ಹುಳು
ಅಮ್ಮನ ಮನೆ ಖಾಲಿ ಮಾಡುತ್ತಿದ್ದೇವೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ನನ್ನ ಹಳೇ ಪುಸ್ತಕಗಳು ಸಿಕ್ಕಿದವು. ಒಂದು, 'ಚೆರ್ರಿ ಏಮ್ಸ್, ಸ್ಟೂಡೆಂಟ್ ನರ್ಸ್'. ಚೆರ್ರಿ ಅನ್ನೋ ಅಮೆರಿಕದ ನರ್ಸ್ ಹುಡುಗಿಯ ಕಥೆ ಸರಣಿಯ ಮೊದಲನೆಯದು. ಒಳಗೆ ಮೈಸೂರಿನ ಸರ್ಕ್ಯುಲೇಟಿಂಗ್ ಲೈಬ್ರರಿಯ ಚೀಟಿ ಇನ್ನೂ ಅಂಟಿಕೊಂಡಿದೆ. 1987ರ ಸೀಲು. ಅಂದರೆ ನಾನು ವಾಪಸ್ ಕೊಟ್ಟೇ ಇಲ್ಲ! ಆ ಲೈಬ್ರರಿ ಮುಚ್ಚಿ ಯಾವ ಕಾಲವಾಯಿತೋ, ದಂಡ ಯಾರಿಗೆ ಕಟ್ಟಲಿ? ಕೊನೆಯ ಹದಿನೈದು ಇಪ್ಪತ್ತು ಪುಟ ಗೆದ್ದಲಿನ ಪಾಲಾಗಿದೆ.

ಈ ಪುಸ್ತಕ ಓದಿದಾಗ ನನಗೆ 12 ವರ್ಷ. ಇಂಗ್ಲಿಷ್ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧ ಊಹೆ. ಆದರೂ ಕಂಚಿ ಸೀರೆಗಿಂತ ಗಂಜಿ ಹಾಕಿದ ಆ ಬಿಳಿ ಟೋಪಿಯೇ ಚಂದ ಅನ್ನಿಸಿಬಿಟ್ಟಿತ್ತು. ಒಂದು ದಿನ ಊಟಕ್ಕೆ ಕೂತಾಗ "ನಾನು ನರ್ಸ್ ಆಗ್ತೀನಿ" ಅಂದೆ. ಅಪ್ಪ ತುತ್ತು ಅಲ್ಲೇ ನಿಲ್ಲಿಸಿ, "ಕಂಡವರ ಬೆಡ್‌ಪ್ಯಾನ್ ಎತ್ತೋದಕ್ಕಾ ನಿನ್ನ ಓದಿಸ್ತಿರೋದು?" ಅಂದರು. ಅಷ್ಟೇ. ನಾನು ಬ್ಯಾಂಕ್ ಸೇರಿದೆ. ಅಲ್ಲಿ ಕಂಡವರ ಸಾಲದ ಫೈಲು ಎತ್ತುತ್ತಿದ್ದೇನೆ, ಅದು ಬೇರೆ ಮಾತು.

ಈಗ ತಂಗಿಯ ಮಗಳು (11) ಈ ಪುಸ್ತಕ ಕೇಳುತ್ತಿದ್ದಾಳೆ. ಕೊಡಲಾ? ಮತ್ತೆ ಇದನ್ನು ಓದಿ ನಿಜವಾಗಿ ನರ್ಸ್ ಆದವರು ಯಾರಾದರೂ ಇದ್ದೀರಾ, ಅಥವಾ ನಮ್ಮಂಥವರೆಲ್ಲ ಸುಮ್ನೆ ಕನಸು ಕಂಡಿದ್ದಷ್ಟೇನಾ?

ಕಾಫಿ_ಕಷಾಯ
ಗೆದ್ದಲಿಗೆ ಕೊನೆಯ ಅಧ್ಯಾಯವೇ ಇಷ್ಟ ಆಗೋದು. ನನ್ನ ಪತ್ತೇದಾರಿ ಪುಸ್ತಕಗಳೂ ಹಾಗೇ ಹೋದವು. ಕೊಲೆಗಾರ ಯಾರು ಅಂತ ಗೆದ್ದಲಿಗೆ ಮಾತ್ರ ಗೊತ್ತು.

ಹಳೇಪುಸ್ತಕ_ವ್ಯಾಮೋಹಿ
ಆಹಾ, ನನ್ನ ವಿಷಯ ಬಂತು! ಒಟ್ಟು 27 ಪುಸ್ತಕ, 1943ರಿಂದ 1968ರವರೆಗೆ. ನನ್ನ ಹತ್ತಿರ 19 ಇವೆ. ಬಹುಪಾಲು ಅವೆನ್ಯೂ ರೋಡ್ ಮತ್ತು ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಹೆಕ್ಕಿದ್ದು.

ಹೆಸರುಗಳನ್ನು ಸಾಲಾಗಿ ಓದಿದರೇ ನಗು ಬರುತ್ತದೆ. ಸ್ಟೂಡೆಂಟ್ ನರ್ಸ್, ಸೀನಿಯರ್ ನರ್ಸ್, ಆರ್ಮಿ ನರ್ಸ್, ಚೀಫ್ ನರ್ಸ್, ಫ್ಲೈಟ್ ನರ್ಸ್. ಇಲ್ಲಿಗೆ ಯುದ್ಧ ಮುಗಿಯಿತು. ಆಮೇಲೆ ಶುರು ನೋಡಿ: ಕ್ರೂಸ್ ನರ್ಸ್, ಡ್ಯೂಡ್ ರ‍್ಯಾಂಚ್ ನರ್ಸ್, ಡಿಪಾರ್ಟ್‌ಮೆಂಟ್ ಸ್ಟೋರ್ ನರ್ಸ್, ಕ್ಯಾಂಪ್ ನರ್ಸ್, ಜಂಗಲ್ ನರ್ಸ್, ಕೊನೆಗೆ ಸ್ಕೀ ನರ್ಸ್. ಈ ಹುಡುಗಿ ಎಲ್ಲೂ ಒಂದು ಪುಸ್ತಕಕ್ಕಿಂತ ಜಾಸ್ತಿ ನಿಲ್ಲುವುದಿಲ್ಲ. ಹೋದಲ್ಲೆಲ್ಲ ಒಂದು ಕಳವು, ಒಬ್ಬ ಮೋಸಗಾರ, ಒಬ್ಬ ಚೆಂದದ ಡಾಕ್ಟರ್. 25 ವರ್ಷ ಬರೆದರೂ ಮದುವೆ ಆಗಲಿಲ್ಲ, ವಯಸ್ಸೂ ಆಗಲಿಲ್ಲ.

ಕೊಡಿ, ಖಂಡಿತ ಕೊಡಿ. ಕಳೆದುಹೋದ ಪುಟಗಳು ನನ್ನ ಪ್ರತಿಯಲ್ಲಿವೆ, ಫೋಟೋ ತೆಗೆದು ಕಳಿಸುತ್ತೇನೆ.

ನೈಟ್_ಡ್ಯೂಟಿ
ಹಾಸನದ ಕಡೆಯವಳು. 22 ವರ್ಷದಿಂದ ನರ್ಸ್, ಅದರಲ್ಲಿ 14 ವರ್ಷ ಐರ್ಲೆಂಡ್‌ನಲ್ಲಿ. ಈ ಪುಸ್ತಕದ ಹೆಸರನ್ನೇ ನಾನು ಈವತ್ತು ಕೇಳಿದ್ದು.

ನಾನು ನರ್ಸ್ ಆಗಿದ್ದು ಕಥೆ ಓದಿ ಅಲ್ಲ. ಪಿಯುಸಿಯಲ್ಲಿ ಮಾರ್ಕ್ಸ್ ಕಡಿಮೆ ಬಂತು, ಇಂಜಿನಿಯರಿಂಗ್ ಫೀಸಿಗೆ ದುಡ್ಡಿರಲಿಲ್ಲ. ಪಕ್ಕದ ಮನೆಯವರು ನರ್ಸಿಂಗ್ ಡಿಪ್ಲೊಮಾದ ಜಿಎನ್‌ಎಂ ಫಾರಂ ತಂದುಕೊಟ್ಟರು. ನನ್ನ ಬ್ಯಾಚಿನಲ್ಲಿ ಮುಕ್ಕಾಲು ಪಾಲು ಕೇರಳದ ಹುಡುಗಿಯರು. ಅವರು ಬಂದಿದ್ದೂ ಕಾದಂಬರಿ ಓದಿ ಅಲ್ಲ. ಅಕ್ಕ ದುಬೈನಲ್ಲಿದ್ದಾಳೆ, ಚಿಕ್ಕಮ್ಮ ಲಂಡನ್‌ನಲ್ಲಿದ್ದಾರೆ, ಆ ಲೆಕ್ಕ.

ಒಂದೇ ಪ್ರಶ್ನೆ. ಆ ಚೆರ್ರಿ ಯಾವತ್ತಾದರೂ ಸುಸ್ತಾಗುತ್ತಾಳಾ? 12 ಗಂಟೆ ಶಿಫ್ಟಿನ ಕೊನೆಗೆ ಕಳ್ಳನನ್ನು ಹಿಡಿಯೋದಿರಲಿ, ನನ್ನ ಶೂ ಬಿಚ್ಚಲು ಬಗ್ಗೋಕೇ ಆಗಲ್ಲ.

ಡೆಟ್ರಾಯಿಟ್_ಅತ್ತೆ
> ಸುಸ್ತಾಗುತ್ತಾಳಾ?

ಚೆರ್ರಿಗೆ ಸುಸ್ತಿಲ್ಲ. ಅವಳ ಕೆನ್ನೆ ಯಾವಾಗಲೂ ಕೆಂಪು. 😀 ಮೊದಲ ಪುಸ್ತಕದಲ್ಲಿ ಡಾ. ವೈಲಿ ಅನ್ನೋ ಸಿಡುಕ ಸರ್ಜನ್ ಅವಳ ಕೆನ್ನೆ ನೋಡಿ ರೂಜ್ ಬಳಿದಿದ್ದಾಳೆ ಅಂದುಕೊಂಡು, ಹೋಗಿ ತೊಳೆದುಕೊಂಡು ಬಾ ಅಂತ ರೇಗುತ್ತಾನೆ. ಪಾಪ, ಅದು ಹುಟ್ಟಿನಿಂದ ಬಂದ ಬಣ್ಣ.

ನಾನು ಇಲ್ಲಿಗೆ ಬಂದಿದ್ದು 80ರ ದಶಕದಲ್ಲಿ, ಕೆಲಸ ಆಸ್ಪತ್ರೆಯ ಬಿಲ್ಲಿಂಗ್‌ನಲ್ಲಿ. ನಮ್ಮ ಫ್ಲೋರಿನ ಹಿರಿಯ ನರ್ಸ್‌ಗಳನ್ನು "ನೀವೇಕೆ ಈ ಕೆಲಸ ಹಿಡಿದಿರಿ" ಅಂತ ಕೇಳಿದರೆ ಹತ್ತರಲ್ಲಿ ಇಬ್ಬರಾದರೂ "ಚೆರ್ರಿ ಏಮ್ಸ್" ಅನ್ನೋರು. ಮೊದಲು ಚೆರ್ರಿ ಏಮ್ಸ್ ಅಂದರೆ ಅವರ ಟೀಚರ್ ಅಂದುಕೊಂಡಿದ್ದೆ! ಆಮೇಲೆ ಒಬ್ಬರು ತಮ್ಮ ಮನೆಯಿಂದ ನಾಲ್ಕು ಪುಸ್ತಕ ತಂದುಕೊಟ್ಟರು. ಹಾಗಾಗಿ ಇಲ್ಲಿ ಕೆಲಸ ಮಾಡಿದೆಯಮ್ಮ ಈ ಪುಸ್ತಕ. ಸುಮ್ನೆ ಕನಸಲ್ಲ.

ಎದುರುವಾದಿ
ಕೆಲಸ ಮಾಡದೇ ಏನು? ಬರೆಸಿದ್ದೇ ಅದಕ್ಕೆ ಅಲ್ವಾ. 1943ರಲ್ಲಿ ಅಮೆರಿಕಕ್ಕೆ ಯುದ್ಧ, ನರ್ಸ್‌ಗಳ ಬರ. ಅದೇ ವರ್ಷ ಸರ್ಕಾರ ಕೆಡೆಟ್ ನರ್ಸ್ ಕೋರ್ ಶುರು ಮಾಡಿತು. ಅದೇ ವರ್ಷ ಚೆರ್ರಿ ಹುಟ್ಟಿದಳು. ಇದು ಕಥೆಯಲ್ಲ ಸ್ವಾಮಿ, ಭರ್ತಿ ಪೋಸ್ಟರ್. 200 ಪುಟದ ಪೋಸ್ಟರ್.

ಈ ನ್ಯಾನ್ಸಿ ಡ್ರೂ, ಹಾರ್ಡಿ ಬಾಯ್ಸ್ ಅಂತ ಮಕ್ಕಳ ಪತ್ತೇದಾರಿ ಸರಣಿಗಳೆಲ್ಲ ಒಂದೇ ಕಾರ್ಖಾನೆಯ ಮಾಲು. ಸ್ಟ್ರಾಟೆಮಯರ್ ಸಿಂಡಿಕೇಟ್ ಅಂತ ಒಂದು ಕಂಪನಿ ಕಥೆಯ ಎಳೆ ಕೊಡುತ್ತಿತ್ತು, ಯಾರೋ ಕೂಲಿಗೆ ಬರೆಯೋರು, ಹೆಸರು ಸುಳ್ಳು. ಚೆರ್ರಿಯೂ ಅಷ್ಟೇ.

ಹಳೇಪುಸ್ತಕ_ವ್ಯಾಮೋಹಿ
@ಎದುರುವಾದಿ ಅರ್ಧ ಸರಿ, ಅರ್ಧ ತಪ್ಪು. ನ್ಯಾನ್ಸಿ ಡ್ರೂ ವಿಷಯ ನಿಜ, ಅದರ ಲೇಖಕಿ ಅಂತ ಹಾಕಿದ್ದ ಕ್ಯಾರೊಲಿನ್ ಕೀನ್ ಅನ್ನೋ ವ್ಯಕ್ತಿಯೇ ಇರಲಿಲ್ಲ. ಚೆರ್ರಿ ಏಮ್ಸ್ ಹಾಗಲ್ಲ. ಪ್ರಕಾಶಕರು ಒಬ್ಬರೇ (ಗ್ರಾಸೆಟ್ ಅಂಡ್ ಡನ್‌ಲಪ್), ಅದಕ್ಕೇ ಜನ ಕಲಸಿಕೊಳ್ಳುತ್ತಾರೆ. ಹೆಲೆನ್ ವೆಲ್ಸ್ ನಿಜವಾದ ಲೇಖಕಿ. ಇಲಿನಾಯ್ ರಾಜ್ಯದ ಡ್ಯಾನ್‌ವಿಲ್‌ನಲ್ಲಿ ಹುಟ್ಟಿದವರು. ಚೆರ್ರಿಯ ಊರು ಹಿಲ್ಟನ್ ಕೂಡ ಅದೇ ರಾಜ್ಯದಲ್ಲೇ ಇದೆ, ಸುಳ್ಳು ಹೆಸರಿನಲ್ಲಿ. ನಡುವಿನ ಕೆಲವು ಪುಸ್ತಕ ಜೂಲಿ ಟೇಥಮ್ ಬರೆದರು. ಟ್ರಿಕ್ಸಿ ಬೆಲ್ಡನ್ ಅನ್ನೋ ಹುಡುಗಿಯ ಪತ್ತೇದಾರಿ ಸರಣಿ ಶುರು ಮಾಡಿದ ಜೂಲಿ ಕ್ಯಾಂಪ್‌ಬೆಲ್ ಇವರೇ.

ವೆಲ್ಸ್ ನರ್ಸ್ ಆಗಿರಲಿಲ್ಲ, ಅದನ್ನು ಒಪ್ಪುತ್ತೇನೆ.

ಎದುರುವಾದಿ
ಸರಿ, ಕಾರ್ಖಾನೆ ಮಾತು ವಾಪಸ್. ಪೋಸ್ಟರ್ ಮಾತು ವಾಪಸ್ ಇಲ್ಲ.

ಡೆಟ್ರಾಯಿಟ್_ಅತ್ತೆ
ಪೋಸ್ಟರ್ ಆದರೆ ಏನಂತೆ? ಆ ಕೆಡೆಟ್ ಕೋರ್ ಏನು ಕೊಟ್ಟಿತು ಗೊತ್ತಾ? ಫೀಸು, ಪುಸ್ತಕ, ಯೂನಿಫಾರ್ಮ್ ಎಲ್ಲ ಸರ್ಕಾರದ್ದು. ಮೊದಲ ಒಂಬತ್ತು ತಿಂಗಳು ಕೈಗೆ ತಿಂಗಳಿಗೆ 15 ಡಾಲರ್, ಆಮೇಲೆ 20, ಕೊನೆಯ ಹಂತದಲ್ಲಿ 30. ಮೂರು ವರ್ಷದ ಓದು 30 ತಿಂಗಳಲ್ಲಿ. ಸುಮಾರು 1,80,000 ಹುಡುಗಿಯರು ಸೇರಿದರು, 1,24,000ದಷ್ಟು ಜನ ಮುಗಿಸಿದರು. ಹೊಲದಲ್ಲಿ, ಅಂಗಡಿಯಲ್ಲಿ ದುಡಿಯುತ್ತಿದ್ದವರ ಹೆಣ್ಣುಮಕ್ಕಳು ಅವರು. ಒಂದು ಪೈಸೆ ಖರ್ಚಿಲ್ಲದೆ ಜೀವನಪೂರ್ತಿ ಕೈ ಬಿಡದ ಒಂದು ಕೆಲಸ ಕಲಿತರು. ನಮ್ಮ ಫ್ಲೋರಿನಲ್ಲಿ ರಿಟೈರ್ ಆಗುವ ಹೊತ್ತಿನಲ್ಲಿದ್ದ ಒಬ್ಬರು ಕೆಡೆಟ್ ಆಗಿದ್ದವರೇ. ಆ ಬೂದು ಕೋಟು ಇನ್ನೂ ಇಟ್ಟಿದ್ದೇನೆ ಅನ್ನುತ್ತಿದ್ದರು.

ಕಾಫಿ_ಕಷಾಯ
ನನ್ನ ಮಗ ಇಂಜಿನಿಯರಿಂಗ್‌ಗೆ ಇಪ್ಪತ್ತು ಲಕ್ಷ ಕೇಳುತ್ತಿದ್ದಾನೆ. ಒಂದು ಯುದ್ಧ ಆಗೋ ಹಾಗಿದ್ರೆ ಹೇಳಿ.

ಗದಗದ_ಬ್ರದರ್
ನಾನು ಗಂಡು ನರ್ಸ್. ವಾರ್ಡಿನಲ್ಲಿ ಎಲ್ಲರೂ "ಬ್ರದರ್" ಅಂತ ಕರೆಯುತ್ತಾರೆ, ಹಾಗಾಗಿ ಈ ಹೆಸರು.

ಒಂದು ಸಂಶಯ. ಈ ಪುಸ್ತಕಗಳಲ್ಲಿ ನಮ್ಮಂಥವರು ಒಬ್ಬರಾದರೂ ಇದ್ದಾರಾ? ಅಮೆರಿಕದ ಸೈನ್ಯದ ನರ್ಸ್ ಪಡೆಗೆ 1955ರವರೆಗೆ ಗಂಡಸರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ ಅಂತ ಓದಿದ್ದೆ. ನರ್ಸಿಂಗ್ ಓದಿದ ಗಂಡಸು ಯುದ್ಧಕ್ಕೆ ಹೋದರೆ ಸಾದಾ ಸಿಪಾಯಿ, ಓದಿದ್ದಕ್ಕೆ ಬೆಲೆಯಿಲ್ಲ.

ನನ್ನ ಮದುವೆಗೆ ಹೆಣ್ಣು ನೋಡುವಾಗಲೂ ಅದೇ ಕಥೆ. "ಹುಡುಗ ಆಸ್ಪತ್ರೆಯಲ್ಲಿ ಕೆಲಸ" ಅನ್ನುವವರೆಗೆ ಎಲ್ಲ ಚೆನ್ನಾಗಿತ್ತು. "ನರ್ಸ್" ಅಂದ ಕೂಡಲೇ ಉಪ್ಪಿಟ್ಟಿನ ಪ್ಲೇಟೇ ವಾಪಸ್ ಹೋಯಿತು.

ಕಾಫಿ_ಕಷಾಯ
ಉಪ್ಪಿಟ್ಟು ತಾನೇ, ಹೋಗಲಿ ಬಿಡಿ. ಕೇಸರಿಬಾತ್ ಹೋಗಿದ್ದರೆ ದುಃಖಪಡಬೇಕಿತ್ತು.

ಎದುರುವಾದಿ
@ಗದಗದ_ಬ್ರದರ್ ಇದನ್ನೇ ನಾನು ಹೇಳಬೇಕೆಂದಿದ್ದೆ. ಗಂಡಸರು ಮಾತ್ರವಲ್ಲ, ಕಪ್ಪು ನರ್ಸ್‌ಗಳಿಗೂ ಅದೇ ಗತಿ. ಒಂದು ಕಡೆ ನರ್ಸ್ ಸಾಲದು ಅಂತ ಕೂಗು. ಇನ್ನೊಂದು ಕಡೆ ಕಪ್ಪು ನರ್ಸ್‌ಗಳು ಇಷ್ಟೇ ಜನ ಸಾಕು ಅಂತ ಸೈನ್ಯ ಮಿತಿ ಹಾಕಿತ್ತು. ಆ ಮಿತಿ ತೆಗೆದಿದ್ದು 1945ರ ಜನವರಿಯಲ್ಲಿ, ಯುದ್ಧ ಮುಗಿಯುವ ಹೊತ್ತಿಗೆ. ಆ ಜಗಳ ಚೆರ್ರಿಯ ಪುಸ್ತಕಕ್ಕೆ ಬರುವುದಿಲ್ಲ. ಅವಳು ಪನಾಮಾಕ್ಕೆ ಹೋಗುತ್ತಾಳೆ, ಪೆಸಿಫಿಕ್ ದ್ವೀಪಕ್ಕೆ ಹೋಗುತ್ತಾಳೆ, ಆಫ್ರಿಕಾಕ್ಕೂ ಹೋಗುತ್ತಾಳೆ. ಎಲ್ಲಿ ಹೋದರೂ ಕಾಪಾಡುವವಳು ಕೆಂಪು ಕೆನ್ನೆಯ ಹುಡುಗಿ.

11 ವರ್ಷದ ಮಗುವಿಗೆ ಕೊಡುವ ಮೊದಲು ಇದನ್ನೂ ಹೇಳಿ ಅಂತ ಅಷ್ಟೇ.

ಟ್ರಂಕಿನ_ಹುಳು
ಇದು ನನಗೆ ಹೊಳೆದೇ ಇರಲಿಲ್ಲ. 12ನೇ ವಯಸ್ಸಿನಲ್ಲಿ ಮೈಸೂರಿನಲ್ಲಿ ಕೂತು ನಾನು ಯಾರ ಕಡೆ ಇದ್ದೆ? ಚೆರ್ರಿಯ ಕಡೆಯೇ. ಅವಳ ಹಾಗೆ ಕನ್ನಡಿ ಮುಂದೆ ಕೆನ್ನೆ ಚಿವುಟಿಕೊಂಡಿದ್ದೂ ಉಂಟು. ನನ್ನ ಬಣ್ಣಕ್ಕೆ ಏನೂ ಕೆಂಪಾಗಲಿಲ್ಲ, ಉರಿಯಿತು ಅಷ್ಟೇ.

ಪದಪ್ರಿಯ
ಚರ್ಚೆ ಚೆನ್ನಾಗಿದೆ. ಆದರೆ ಎಲ್ಲರೂ ನರ್ಸ್ ನರ್ಸ್ ಅನ್ನುತ್ತಿದ್ದೀರಿ. ಕನ್ನಡದಲ್ಲಿ ದಾದಿ ಎಂಬ ಪದ ಇದೆಯಲ್ಲ?

ನೈಟ್_ಡ್ಯೂಟಿ
ದಯವಿಟ್ಟು ದಾದಿ ಬೇಡ. ದಾದಿ ಅಂದರೆ ಮಗು ನೋಡಿಕೊಳ್ಳುವ ಆಯಾ ಅಂತಲೇ ನಮ್ಮೂರಲ್ಲಿ ಅರ್ಥ. ವರ್ಷಗಟ್ಟಲೆ ಓದಿ, ಪರೀಕ್ಷೆ ಮೇಲೆ ಪರೀಕ್ಷೆ ಬರೆದು, ವೆಂಟಿಲೇಟರ್ ನೋಡಿಕೊಳ್ಳುವವಳಿಗೆ ದಾದಿ ಅಂದರೆ ಸಿಟ್ಟು ಬರುತ್ತದೆ.

ಪದಪ್ರಿಯ
ಹಾಗಾದರೆ ಶುಶ್ರೂಷಕಿ.

ಗದಗದ_ಬ್ರದರ್
ಅದನ್ನು ಸರಿಯಾಗಿ ಉಚ್ಚರಿಸುವ ಹೊತ್ತಿಗೆ ಪೇಷಂಟ್ ಡಿಸ್ಚಾರ್ಜ್ ಆಗಿರುತ್ತಾರೆ. ಈಗ ಸರ್ಕಾರಿ ಬೋರ್ಡುಗಳಲ್ಲಿ ಶುಶ್ರೂಷಾಧಿಕಾರಿ ಅಂತ ಇದೆ. ಹೆಸರೇನೋ ದೊಡ್ಡದಾಯಿತು. ಅಜ್ಜಿಯರು ಮಾತ್ರ ಈಗಲೂ "ನರ್ಸಮ್ಮಾ" ಅಂತಲೇ ಕರೆಯುತ್ತಾರೆ, ನನ್ನನ್ನೂ ಸೇರಿಸಿ.

ಮಲ್ಲಿಗೆ_ಮಂಗಳೂರು
😂😂 ನರ್ಸಪ್ಪಾ ಅನ್ನಬೇಕಿತ್ತು!

ನಿರ್ವಾಹಕ
ಪದ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಪುಸ್ತಕ.

ಮಲ್ಲಿಗೆ_ಮಂಗಳೂರು
ಸರಿ, ಪುಸ್ತಕಕ್ಕೇ ಬರುತ್ತೇನೆ. ಎಲ್ಲರೂ ಚೆರ್ರಿ ಹಿಂದೆ ಬಿದ್ದಿದ್ದೀರಿ. ಇದೇ ಥರದ ಇನ್ನೊಂದು ನರ್ಸ್ ಕಥೆ ಸರಣಿ, ಸೂ ಬಾರ್ಟನ್, ಅದನ್ನು ಓದಿದವರು ಯಾರೂ ಇಲ್ವಾ? ನನ್ನ ಅಮ್ಮ ನರ್ಸ್ ಆಗಿದ್ದರು. ಅವರು ಕಲಿತ ಹಾಸ್ಟೆಲ್ಲಿನ ಕಪಾಟಿನಲ್ಲಿ ಈ ಪುಸ್ತಕ ಇತ್ತಂತೆ, ಯಾರೋ ಮಿಷನ್‌ನವರು ಬಿಟ್ಟುಹೋಗಿದ್ದು. ಹುಡುಗಿಯರು ಸರದಿ ಮೇಲೆ ಓದೋರು. ಇಂಗ್ಲಿಷ್ ಚೆನ್ನಾಗಿ ಬರುತ್ತಿದ್ದವಳು ಒಬ್ಬಳೇ. ಅವಳು ರಾತ್ರಿ ಓದಿ ಕೊಂಕಣಿ, ತುಳು, ಕನ್ನಡ ಮೂರೂ ಬೆರೆಸಿ ಹೇಳೋಳು. ಅಮ್ಮನಿಗೆ ಸೂ ಬಾರ್ಟನ್ ತುಳುವಿನಲ್ಲೇ ಬೈಯುತ್ತಾಳೆ ಅನ್ನೋ ನಂಬಿಕೆ ಕೊನೆಯವರೆಗೂ ಇತ್ತು.

ಅಮ್ಮ ಹೇಳುತ್ತಿದ್ದ ಒಂದು ಮಾತು: "ಅದನ್ನು ಬರೆದವಳು ನಿಜವಾಗಿ ಬೆಡ್ ಮಾಡಿದವಳು. ಓದಿದರೇ ಗೊತ್ತಾಗುತ್ತದೆ."

ಹಳೇಪುಸ್ತಕ_ವ್ಯಾಮೋಹಿ
@ಮಲ್ಲಿಗೆ_ಮಂಗಳೂರು ನಿಮ್ಮ ಅಮ್ಮನ ಮೂಗು ಭಾರೀ ಚುರುಕು! ಸೂ ಬಾರ್ಟನ್ ಬರೆದ ಹೆಲೆನ್ ಡೋರ್ ಬಾಯ್ಲ್‌ಸ್ಟನ್ ನಿಜವಾದ ನರ್ಸ್. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಕಲಿತರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ಗೆ ಹೋಗಿ ಗಾಯಾಳುಗಳನ್ನು ನೋಡಿಕೊಂಡರು. ಆ ದಿನಚರಿ 1927ರಲ್ಲಿ ಪುಸ್ತಕವಾಗಿ ಬಂತು. ಆಮೇಲೆ ಅರಿವಳಿಕೆ ಕೊಡುವುದನ್ನು ಕಲಿಸುತ್ತಿದ್ದರು. ಗೆಳತಿ ರೋಸ್ ವೈಲ್ಡರ್ ಲೇನ್ ಜೊತೆ ಪ್ಯಾರಿಸ್‌ನಿಂದ ಆಲ್ಬೇನಿಯಾದವರೆಗೆ ಫೋರ್ಡ್ ಕಾರಿನಲ್ಲಿ ಹೋದವರು, 1926ರಲ್ಲಿ! ಚೆರ್ರಿಯ ಸಾಹಸಗಳೆಲ್ಲ ಇದರ ಮುಂದೆ ಏನು?

ಸೂ ಬಾರ್ಟನ್ ಏಳೇ ಪುಸ್ತಕ. ಮೊದಲನೆಯದು 1936, ಕೊನೆಯದು 1952. ಚೆರ್ರಿಗಿಂತ ಏಳು ವರ್ಷ ಮುಂಚೆ ಶುರು, ಯುದ್ಧಕ್ಕೂ ಮುಂಚೆ. ಹಾಗಾಗಿ @ಎದುರುವಾದಿ, ಇದನ್ನು ಯುದ್ಧದ ಪೋಸ್ಟರ್ ಅನ್ನೋಕೆ ಬರಲ್ಲ.

ಎದುರುವಾದಿ
ಒಪ್ಪಿದೆ. ಈವತ್ತು ಎರಡನೇ ಸಲ. ಯಾರಾದರೂ ಬರೆದಿಟ್ಟುಕೊಳ್ಳಿ.

ಡೆಟ್ರಾಯಿಟ್_ಅತ್ತೆ
ಸೂ ಬಾರ್ಟನ್‌ನಲ್ಲಿ ನನಗೆ ಇಷ್ಟವಾಗಿದ್ದು ಮೂರನೆಯದು, 'ವಿಸಿಟಿಂಗ್ ನರ್ಸ್'. ಡಾ. ಬಿಲ್ ಬ್ಯಾರಿ ಮದುವೆ ಆಗೋಣ ಅಂತ ಕಾಯುತ್ತಿರುತ್ತಾನೆ. ಇವಳು ಇರು ಮಾರಾಯ, ನನಗೆ ಸ್ವಲ್ಪ ಕೆಲಸ ಇದೆ ಅಂತ ನ್ಯೂಯಾರ್ಕ್‌ನ ಹೆನ್ರಿ ಸ್ಟ್ರೀಟ್‌ಗೆ ಹೊರಟುಬಿಡುತ್ತಾಳೆ.

ಹೆನ್ರಿ ಸ್ಟ್ರೀಟ್ ಕಟ್ಟುಕಥೆಯಲ್ಲ, ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸ್‌ಗಳ ಸಂಸ್ಥೆ. ಲಿಲಿಯನ್ ವಾಲ್ಡ್ ಅನ್ನೋ ನರ್ಸ್ 1893ರಲ್ಲಿ ಶುರು ಮಾಡಿದ್ದು, ವಲಸೆ ಬಂದ ಬಡವರ ಗಲ್ಲಿಗಳಲ್ಲಿ. ಅಲ್ಲಿನ ನರ್ಸ್‌ಗಳದು ಬಿಳಿ ಅಲ್ಲ, ನೀಲಿ ಬಟ್ಟೆ. ಕೈಯಲ್ಲೊಂದು ಕಪ್ಪು ಚೀಲ. ಒಂದು ಕಟ್ಟಡದ ಐದು ಮಹಡಿ ಇಳಿದು ಇನ್ನೊಂದರ ಐದು ಮಹಡಿ ಹತ್ತುವ ಬದಲು ತಾರಸಿಯಿಂದ ತಾರಸಿಗೆ ದಾಟಿಕೊಂಡು ಹೋಗುತ್ತಿದ್ದರು. ಅದರ ಫೋಟೋ ಇದೆ, ನೋಡಿ. ಉದ್ದನೆ ಲಂಗ, ಟೋಪಿ, ಚೀಲ, ಕೆಳಗೆ ಪಾತಾಳ.

ನೈಟ್_ಡ್ಯೂಟಿ
ಇದು ಓದಬೇಕು ಅನ್ನಿಸುತ್ತಿದೆ. ನಮ್ಮೂರಿನ ಎಎನ್‌ಎಂ ಸಿಸ್ಟರ್ ನೆನಪಾದರು. ಮಳೆಗಾಲದಲ್ಲಿ ಲಸಿಕೆಯ ಡಬ್ಬಿ ಎದೆಗವಚಿಕೊಂಡು ಗದ್ದೆಯ ಬದುವಿನ ಮೇಲೆ ಬರೋರು. ಒಂದು ಕೈಯಲ್ಲಿ ಚಪ್ಪಲಿ. ನಾವು ಮಕ್ಕಳೆಲ್ಲ ಸೂಜಿಗೆ ಹೆದರಿ ಹುಲ್ಲಿನ ಮೆದೆ ಹಿಂದೆ ಅಡಗಿಕೊಳ್ಳುತ್ತಿದ್ದೆವು. ಅವರ ಬಗ್ಗೆ ಯಾರೂ 27 ಪುಸ್ತಕ ಬರೆಯಲಿಲ್ಲ.

ನಾನು ಫಾರಂ ತುಂಬುವಾಗ ತಲೆಯಲ್ಲಿ ಇದ್ದಿದ್ದು ಅವರೇ. ಇದನ್ನು ಮೇಲೆ ಬರೆಯೋದು ಮರೆತಿದ್ದೆ. ಮಾರ್ಕ್ಸ್, ಫೀಸು ಅಂತ ಬರೆದುಬಿಟ್ಟೆ.

ಟ್ರಂಕಿನ_ಹುಳು
❤️

ಅಕ್ಕ_ಆಫ್_ದಾವಣಗೆರೆ
ತಡವಾಗಿ ಬಂದೆ. ನನಗೆ ಸೂ ಬಾರ್ಟನ್ ಬಗ್ಗೆ ಒಂದು ಸಿಟ್ಟಿದೆ. ಮದುವೆಯಾದ ಮೇಲೂ ನರ್ಸಿಂಗ್ ಸ್ಕೂಲಿನ ಮುಖ್ಯಸ್ಥೆ ಆಗುತ್ತಾಳೆ, ಭೇಷ್. ಬಸುರಿ ಆದ ಕೂಡಲೇ ಬಿಟ್ಟುಬಿಡುತ್ತಾಳೆ. ಆರನೇ ಪುಸ್ತಕದಲ್ಲಿ ಮೂರು ಮಕ್ಕಳ ತಾಯಿ. ಕಲಿತಿದ್ದೆಲ್ಲ ದಂಡವಾಯಿತೇ ಅಂತ ಅವಳಿಗೇ ಸಂಶಯ, ಆಮೇಲೆ ಮನೆಯೇ ಸರಿ ಅಂತ ಸಮಾಧಾನ. ಓದಿ ಪುಸ್ತಕ ಎಸೆಯೋಣ ಅನ್ನಿಸಿತ್ತು. ಏಳನೆಯದರಲ್ಲಿ ಮತ್ತೆ ಕೆಲಸಕ್ಕೆ ಹೋಗುತ್ತಾಳೆ, ಯಾಕೆ? ಗಂಡನಿಗೆ ಕ್ಷಯ ಬಂದು ಸ್ಯಾನಟೋರಿಯಂ ಸೇರಿದ ಅಂತ. ಗಂಡ ಮಲಗಿದರೆ ಮಾತ್ರ ಹೆಂಡತಿ ಎದ್ದು ನಿಲ್ಲಬಹುದು ಅನ್ನೋ ಹಾಗಿದೆ.

ಚೆರ್ರಿಯೇ ವಾಸಿ. ಅವಳಿಗೆ ಮದುವೆಯ ಗೋಜೇ ಇಲ್ಲ.

ಮಲ್ಲಿಗೆ_ಮಂಗಳೂರು
ಇಲ್ಲ ಅಕ್ಕ, ನಾನು ಒಪ್ಪಲ್ಲ. ಸೂ ಕಷ್ಟಪಡುತ್ತಾಳೆ ಅಂತಲೇ ಅವಳು ನಿಜ ಅನ್ನಿಸುತ್ತಾಳೆ. ಚೆರ್ರಿ ಆ ಪ್ರಶ್ನೆಯನ್ನೇ ಮುಟ್ಟುವುದಿಲ್ಲ. ಪ್ರತಿ ಪುಸ್ತಕದ ಕೊನೆಗೆ ಸೂಟ್‌ಕೇಸ್ ಎತ್ತಿಕೊಂಡು ಓಡುತ್ತಾಳೆ. ಮಗುವಿಗೆ ಜ್ವರ, ಅತ್ತೆಗೆ ಮಂಡಿನೋವು, ನೈಟ್ ಶಿಫ್ಟ್, ಇದರಲ್ಲಿ ಒಂದನ್ನಾದರೂ ಅವಳು ಎದುರಿಸಿದ್ದಾಳಾ?

ನನ್ನ ಅಮ್ಮ ನಾನು ಹುಟ್ಟಿದಾಗ ಕೆಲಸ ಬಿಟ್ಟರು. ಆರು ವರ್ಷ ಆದ ಮೇಲೆ ವಾಪಸ್ ಹೋಗಲು ನೋಡಿದರು. ಹಳೇ ಆಸ್ಪತ್ರೆಯಲ್ಲಿ ಹೊಸಬರ ಸಂಬಳಕ್ಕೆ ಬಂದರೆ ಬನ್ನಿ ಅಂದರಂತೆ. ಹೋದರು. ಹನ್ನೆರಡು ವರ್ಷ ಕಿರಿಯಳ ಕೈಕೆಳಗೆ ಕೆಲಸ ಮಾಡಿದರು. ಇಂಥದ್ದನ್ನು ಹೇಳಲು ಸೂ ಬಾರ್ಟನ್ ಆದರೂ ಬಾಯಿ ತೆರೆದಳು.

ಅಕ್ಕ_ಆಫ್_ದಾವಣಗೆರೆ
ನಿಮ್ಮ ಅಮ್ಮನ ಮಾತು ಕೇಳಿ ಬಾಯಿ ಕಟ್ಟಿತು. ಆದರೂ 11 ವರ್ಷದ ಮಗುವಿಗೆ ಅದೆಲ್ಲ ಈಗಲೇ ಬೇಕಾ? ಅವಳಿಗೆ ಬೇಕಿರೋದು ಸೂಟ್‌ಕೇಸ್. ಹುಡುಗಿಯೊಬ್ಬಳು ತನ್ನ ಸಂಬಳದಲ್ಲಿ, ಗೆಳತಿಯರ ಜೊತೆ ಬಾಡಿಗೆ ಮನೆ ಮಾಡಿಕೊಂಡು, ಸಂಜೆ ಕೂತು ಕಾಫಿ ಕುಡಿಯುತ್ತಾಳೆ. ನಾನು ಹತ್ತನೇ ಕ್ಲಾಸಿನಲ್ಲಿ ಚೆರ್ರಿ ಓದಿದಾಗ ನರ್ಸ್ ಆಗಬೇಕು ಅನ್ನಿಸಲಿಲ್ಲ. ಆ ಬಾಡಿಗೆ ಮನೆ ಬೇಕು ಅನ್ನಿಸಿತು. ಕೆಇಬಿಯಲ್ಲಿ ಕೆಲಸ ಸಿಕ್ಕಿ ಹುಬ್ಬಳ್ಳಿಯಲ್ಲಿ ರೂಮ್ ಮಾಡಿದಾಗ ಮೊದಲ ದಿನ ಅದೇ ನೆನಪಾಗಿದ್ದು.

ಟ್ರಂಕಿನ_ಹುಳು
ಅಯ್ಯೋ, ಹೌದು! ನನಗೂ ಟೋಪಿ ಅಂತ ಅಂದುಕೊಂಡಿದ್ದೆ ಇಷ್ಟು ವರ್ಷ. ಟೋಪಿ ಅಲ್ಲ, ರೂಮು.

ಪದಪ್ರಿಯ
ಟೋಪಿ ವಿಷಯ ಬಂತಲ್ಲ, ಈಗಿನ ನರ್ಸ್‌ಗಳು ಟೋಪಿ ಯಾಕೆ ಹಾಕುವುದಿಲ್ಲ?

ಗದಗದ_ಬ್ರದರ್
ಡ್ರಿಪ್ ಸ್ಟ್ಯಾಂಡಿಗೆ ಸಿಕ್ಕಿಕೊಳ್ಳುತ್ತದೆ, ಬಗ್ಗಿದರೆ ಪೇಷಂಟ್ ಮೂಗಿಗೆ ಬಡಿಯುತ್ತದೆ, ದಿನಾ ಒಗೆಯದಿದ್ದರೆ ಸೋಂಕು. ಗಂಡಸರಿಗೆ ಹೇಗೂ ಇರಲಿಲ್ಲ. ಅಮೆರಿಕದಲ್ಲಿ 70, 80ರ ದಶಕದಲ್ಲೇ ಹೋಯಿತು. ನಮ್ಮಲ್ಲಿ ದೀಪ ಬೆಳಗುವ ಸಮಾರಂಭದ ಫೋಟೋಕ್ಕೆ ಕೆಲವು ಕಡೆ ಇನ್ನೂ ಹೊರಗೆ ಬರುತ್ತದೆ.

ನೈಟ್_ಡ್ಯೂಟಿ
ಡಾಕ್ಟರ್ ಬಂದರೆ ಎದ್ದು ನಿಲ್ಲೋದು ಮಾತ್ರ ಟೋಪಿಗಿಂತ ಜಾಸ್ತಿ ದಿನ ಉಳಿಯಿತು. ನಾನು ಕಲಿಯುವಾಗ ರೌಂಡ್ಸ್‌ಗೆ ಬಂದ ಒಬ್ಬ ಸರ್ಜನ್ ಫೈಲನ್ನೇ ನನ್ನ ಕಡೆ ಎಸೆದಿದ್ದರು. ತಪ್ಪು ನನ್ನದಲ್ಲ, ಫೈಲ್ ಬೇರೆ ವಾರ್ಡಿನಿಂದ ಬಂದಿತ್ತು. ನಾನು "ಸಾರಿ ಸರ್" ಅಂದೆ. ಇಲ್ಲಿ ಬಂದ ಮೇಲೆ ಕನ್ಸಲ್ಟಂಟ್ ಒಬ್ಬರು ನನಗೆ ಟೀ ಮಾಡಿಕೊಟ್ಟರು. ಆ ಕಪ್ ಹಿಡಿದು ಏನು ಮಾಡಬೇಕು ಅಂತಲೇ ತಿಳಿಯಲಿಲ್ಲ.

ಕಾಫಿ_ಕಷಾಯ
ಕುಡಿಯಬೇಕಿತ್ತು. ಐರ್ಲೆಂಡ್ ಟೀ ಆದ್ದರಿಂದ ಕ್ಷಮಿಸಿದ್ದೇನೆ.

ಹಳೇಪುಸ್ತಕ_ವ್ಯಾಮೋಹಿ
ಇನ್ನೊಂದು ಸ್ವಾರಸ್ಯ ಹೇಳಿ ಮಲಗುತ್ತೇನೆ. ಹೆಲೆನ್ ವೆಲ್ಸ್ ಚೆರ್ರಿಯ ಜೊತೆಗೇ ವಿಕಿ ಬಾರ್ ಅಂತ ಗಗನಸಖಿಯ ಸರಣಿಯನ್ನೂ ಬರೆದರು. ಎರಡು ಕೆಲಸಕ್ಕೂ ನೆಂಟಸ್ತನ ಇದೆ. 1930ರಲ್ಲಿ ಮೊದಲ ಗಗನಸಖಿಯಾದ ಎಲೆನ್ ಚರ್ಚ್ ತರಬೇತಿ ಪಡೆದ ನರ್ಸ್. ಶುರುವಿನಲ್ಲಿ ವಿಮಾನಕ್ಕೆ ನರ್ಸ್‌ಗಳನ್ನೇ ಆರಿಸುತ್ತಿದ್ದರು. ನರ್ಸ್ ಹಾರುತ್ತಿದ್ದಾಳೆ ಅಂದರೆ ನಮಗೇನು ಭಯ ಅಂತ ಪ್ರಯಾಣಿಕರಿಗೆ ಧೈರ್ಯ ಬರಲಿ ಅಂತ.

ಚೆರ್ರಿ ಹೆಸರಿನಲ್ಲಿ 1959ರಲ್ಲಿ ಪಾರ್ಕರ್ ಬ್ರದರ್ಸ್ ಒಂದು ಬೋರ್ಡ್ ಆಟವನ್ನೂ ತಂದಿತ್ತು. ಯಾರ ಹತ್ತಿರವಾದರೂ ಇದ್ದರೆ ಹೇಳಿ. ಹೆಂಡತಿಗೆ ಗೊತ್ತಾಗದ ಹಾಗೆ ಕೊಳ್ಳುತ್ತೇನೆ.

ಎದುರುವಾದಿ
ಈಗ ಹೊಸ ಪ್ರತಿ ಸಿಗುತ್ತಾ? ಕೇಳುತ್ತಿರುವುದು ಬೈಯಲು, ಓದಲು ಅಲ್ಲ.

ಡೆಟ್ರಾಯಿಟ್_ಅತ್ತೆ
ಸಿಗುತ್ತೆ. ನರ್ಸಿಂಗ್ ಪಠ್ಯಪುಸ್ತಕ ಹಾಕುವ ನ್ಯೂಯಾರ್ಕ್‌ನ ಸ್ಪ್ರಿಂಗರ್ ಪ್ರಕಾಶನವೇ 2005ರ ನಂತರ ಮರುಮುದ್ರಣ ಶುರು ಮಾಡಿತು. ಆ ಸರಣಿ ನೋಡಿಕೊಂಡವರೇ ಚಿಕ್ಕಂದಿನಲ್ಲಿ ಚೆರ್ರಿ ಓದಿ ನರ್ಸ್ ಆದವರು. ಆಗಲೂ ಇಲ್ಲಿ ನರ್ಸ್‌ಗಳ ಕೊರತೆ ಇತ್ತು, ನೋಡಿ. ನಿಮ್ಮ ಪೋಸ್ಟರ್ ಮಾತಿಗೆ ಇದನ್ನೂ ಸೇರಿಸಿಕೊಳ್ಳಿ, ಪುಕ್ಕಟೆ.

ಎದುರುವಾದಿ
🙏 ಧನ್ಯವಾದ. ಕೊನೆಗೂ ಒಬ್ಬರು.

ಟ್ರಂಕಿನ_ಹುಳು
ವರದಿ. ಮಗುವಿಗೆ ಪುಸ್ತಕ ಕೊಟ್ಟು ಮೂರು ದಿನ ಆಯಿತು. @ಎದುರುವಾದಿ ಹೇಳಿದ್ದನ್ನೂ ಹೇಳಿದೆ, "ಗೊತ್ತು ದೊಡ್ಡಮ್ಮ, ಹಳೇ ಪುಸ್ತಕ ಎಲ್ಲ ಹಾಗೇ" ಅಂದಳು. ಡಾ. ವೈಲಿ ಕೂಗಾಡುವ ಜಾಗಕ್ಕೆ ಬಂದಾಗ "ಈ ಅಂಕಲ್ ಮೇಲೆ ಯಾರೂ ಕಂಪ್ಲೇಂಟ್ ಕೊಡಲ್ವಾ?" ಅಂತ ಕೇಳಿದಳು. ಓದಿ ಏನು ಅನ್ನಿಸುತ್ತೆ ಅಂದೆ. ಪಶುವೈದ್ಯೆ ಆಗ್ತಾಳಂತೆ. ನಾಯಿಗಳು ಮಾತಾಡಲ್ಲ, ಅದಕ್ಕೆ.

@ಹಳೇಪುಸ್ತಕ_ವ್ಯಾಮೋಹಿ ನೀವು ಕಳಿಸಿದ ಪುಟ ಬಂದವು, ತುಂಬಾ ಥ್ಯಾಂಕ್ಸ್. ಪ್ರಿಂಟ್ ಮಾಡಿ ಒಳಗೆ ಅಂಟಿಸಿದ್ದೇನೆ. @ನೈಟ್_ಡ್ಯೂಟಿ, ನಿಮಗೊಂದು 'ವಿಸಿಟಿಂಗ್ ನರ್ಸ್' ಹುಡುಕುತ್ತಿದ್ದೇನೆ, ಸಿಕ್ಕರೆ ಅಂಚೆಗೆ ಹಾಕುತ್ತೇನೆ.

ಇನ್ನು ಲೈಬ್ರರಿ ದಂಡ. ಚೀಟಿಯ ಮೇಲೆ ದಿನಕ್ಕೆ ಹತ್ತು ಪೈಸೆ ಅಂತ ಇದೆ. 38 ವರ್ಷಕ್ಕೆ 1,387 ರೂಪಾಯಿ ಆಯಿತು.

ಪದಪ್ರಿಯ
ಅಧಿಕ ವರ್ಷದ ದಿನಗಳನ್ನು ಸೇರಿಸಿದ್ದೀರಾ?

ಕಾಫಿ_ಕಷಾಯ
ಬ್ಯಾಂಕಿನವರು ಕಣ್ರೀ ಅವರು. ಕೇಳಿದರೆ ಬಡ್ಡಿಯನ್ನೂ ಸೇರಿಸುತ್ತಾರೆ.